ಒಲೆ ಹಚ್ಚುವಾಗ, ಬಾಗಿಲು ದಾಟುವಾಗ: ದಿನವಿಡೀ ಸ್ತುತಿಯ ಬಗ್ಗೆ ಓದುಗರ ಪ್ರಶ್ನೆಗಳು

ದೇವರ ಸ್ತೋತ್ರ ಯಾವಾಗಲೂ ನನ್ನ ಬಾಯಲ್ಲಿರುತ್ತದೆ ಎಂದು ಬೈಬಲಿನ 34ನೇ ಕೀರ್ತನೆಯ ಮೊದಲ ವಚನದಲ್ಲೇ ದಾವೀದ ಹೇಳುತ್ತಾನೆ. ಆ ‘ಯಾವಾಗಲೂ’ ಎಂಬ ಮಾತು ಎಷ್ಟೋ ಜನರನ್ನು ಕಾಡುತ್ತಿದೆ ಎಂಬುದು ಈ ಸಲ ಬಂದ ಪತ್ರಗಳನ್ನು ಓದಿದರೆ ತಿಳಿಯುತ್ತದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ ನನ್ನದು. ಐದಕ್ಕೆ ಎದ್ದು ಅಡುಗೆ ಮುಗಿಸಿ ಬಸ್ಸು ಹಿಡಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಸಭೆಯಲ್ಲಿ ದಿನವಿಡೀ ಕರ್ತನನ್ನು ಸ್ತುತಿಸಿ ಅನ್ನುತ್ತಾರೆ. ಅರ್ಧ ಗಂಟೆ ಕೂರಲೂ ಆಗದವರು ಏನು ಮಾಡಬೇಕು? (ಒಬ್ಬ ಸಹೋದರಿ, ಬೆಂಗಳೂರು)

ಉತ್ತರ: ಸಹೋದರಿ, ಕೂರಲು ಸಮಯ ಹುಡುಕುವುದನ್ನು ಸದ್ಯಕ್ಕೆ ಬಿಡಿ. ನೀವು ದಿನವೂ ತಪ್ಪದೆ ಮಾಡುವ ಮೂರು ಕೆಲಸಗಳನ್ನು ಆರಿಸಿಕೊಳ್ಳಿ: ಬೆಳಗ್ಗೆ ಒಲೆ ಹಚ್ಚುವುದು, ಮನೆಯ ಬಾಗಿಲು ದಾಟುವುದು, ರಾತ್ರಿ ಲೈಟು ಆರಿಸುವುದು. ಆ ಮೂರೂ ನಿಮ್ಮ ಸ್ತೋತ್ರವನ್ನು ಕಟ್ಟುವ ಗೂಟಗಳಾಗಲಿ. ಒಂದೊಂದು ಗೂಟಕ್ಕೆ ಒಂದೇ ಒಂದು ವಾಕ್ಯ ಸಾಕು.

ಗಡಿಯಾರದ ಬದಲು ಕೆಲಸವನ್ನೇ ಯಾಕೆ ಹಿಡಿಯಬೇಕು? ಒಂಬತ್ತು ಗಂಟೆಗೆ ಪ್ರಾರ್ಥಿಸುತ್ತೇನೆ ಅಂದುಕೊಂಡರೆ ಬಸ್ಸು ತಪ್ಪಿದ ದಿನ ಒಂಬತ್ತು ಗಂಟೆ ಬಂದದ್ದೂ ಗೊತ್ತಾಗುವುದಿಲ್ಲ. ಒಲೆ ಹಾಗಲ್ಲ, ಅದನ್ನು ಹಚ್ಚದೆ ದಿನ ಶುರುವಾಗುವುದೇ ಇಲ್ಲ. ನೆನಪಿಸುವ ಕೆಲಸವನ್ನು ಅದೇ ಮಾಡುತ್ತದೆ.

ವಾಕ್ಯ ಒಂದೇ ಉಸಿರಿಗೆ ಮುಗಿಯಬೇಕು, ನಾಲ್ಕರಿಂದ ಎಂಟು ಪದ. ಒಲೆಯ ಮುಂದೆ: “ತಂದೆಯೇ, ಈ ಬೆಳಗು ನಿನ್ನದು, ನಿನಗೆ ಸ್ತೋತ್ರ.” ಬಾಗಿಲಲ್ಲಿ 121ನೇ ಕೀರ್ತನೆಯ ಕೊನೆಯ ವಚನವನ್ನು ನೆನೆದು: “ಹೋಗುವಾಗಲೂ ಬರುವಾಗಲೂ ಕಾಯುವವನೇ, ನಿನಗೆ ಸ್ತೋತ್ರ.” ಲೈಟು ಆರಿಸುವಾಗ 4ನೇ ಕೀರ್ತನೆ ಕಲಿಸಿದ ಹಾಗೆ: “ನಿರ್ಭಯವಾಗಿ ಮಲಗಿಸುವವನೇ, ನಿನಗೆ ಸ್ತೋತ್ರ.” ಎರಡು ವಾರ ಈ ವಾಕ್ಯಗಳನ್ನು ಬದಲಿಸಬೇಡಿ. ದಿನಕ್ಕೊಂದು ಹೊಸ ವಾಕ್ಯ ಹುಡುಕಲು ಹೊರಟರೆ ಮೂರನೇ ದಿನವೇ ಅದು ಇನ್ನೊಂದು ಕೆಲಸವಾಗಿಬಿಡುತ್ತದೆ.

ಇನ್ನೆರಡು ಸಣ್ಣ ಸಂಗತಿಗಳಿವೆ, ಹೆಚ್ಚಿನವರು ಎಡವುವುದು ಇಲ್ಲೇ. ವಾಕ್ಯವನ್ನು ಕೆಲಸ ಶುರುಮಾಡುವ ಮುಂಚೆ ಹೇಳಿ, ಮುಗಿದ ಮೇಲಲ್ಲ. ಒಲೆ ಹತ್ತಿತೆಂದರೆ ಕೈ ಪಾತ್ರೆಗೆ ಹೋಗುತ್ತದೆ, ಮನಸ್ಸು ಟಿಫನ್ ಡಬ್ಬಿಗೆ ಹೋಗುತ್ತದೆ. ಬೆಂಕಿ ಹಚ್ಚಲು ಕೈ ಚಾಚಿದ ಆ ಕ್ಷಣವೇ ಸರಿಯಾದ ಹೊತ್ತು. ಹಾಗೆಯೇ ಮನಸ್ಸಿನಲ್ಲಿ ಮಾತ್ರ ಅಂದುಕೊಳ್ಳದೆ ತುಟಿ ಆಡಿಸಿ ಹೇಳಿ. ಮನಸ್ಸಿನ ಮಾತು ಅರ್ಧಕ್ಕೇ ಬೇರೆ ಕಡೆ ಹರಿದುಹೋಗುತ್ತದೆ, ತುಟಿಯ ಮೇಲೆ ಬಂದ ಮಾತು ಮುಗಿಯುವ ತನಕ ನಿಲ್ಲುತ್ತದೆ.

ಮೂರು ಗೂಟ ಗಟ್ಟಿಯಾದ ಮೇಲೆ ಎರಡು ವಾರಕ್ಕೊಂದರಂತೆ ಹೆಚ್ಚಿಸಿಕೊಳ್ಳಬಹುದು. ಮಿಷನ್ ಓಡುತ್ತಿರುವಾಗ ಬೇಡ, ಸೂಜಿಯ ಹತ್ತಿರ ಬೆರಳಿದ್ದಾಗ ಗಮನವೆಲ್ಲ ಅಲ್ಲೇ ಇರಬೇಕು. ಬಾಬಿನ್ ಬದಲಿಸುವಾಗ, ಒಂದು ಬಂಡಲ್ ಮುಗಿಸಿ ಪಕ್ಕಕ್ಕಿಡುವಾಗ, ನೀರಿನ ಬಾಟಲಿ ತೆಗೆಯುವಾಗ ಹೇಳಬಹುದು. ಬಟ್ಟೆ ಒಗೆಯುವಂಥ, ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲದ ಕೆಲಸಗಳನ್ನು ಗೂಟ ಮಾಡಿಕೊಳ್ಳಬೇಡಿ.

ಎಷ್ಟರವರೆಗೆ ಹೆಚ್ಚಿಸಬೇಕು? 119ನೇ ಕೀರ್ತನೆಯ 164ನೇ ವಚನದಲ್ಲಿ ದಿನಕ್ಕೆ ಏಳು ಸಾರಿ ಎಂದಿದೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮ ಬರೆದಾಗ ಇದೇ ವಚನವನ್ನು ಆಧಾರವಾಗಿಟ್ಟುಕೊಂಡು ಹಗಲಿನ ಪ್ರಾರ್ಥನೆಗೆ ಏಳು ವೇಳೆ ಗೊತ್ತುಮಾಡಿದರು. ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದ. ಆದಿಸಭೆಯ ಕಾಲದ ‘ದಿದಾಖೆ’ ಎಂಬ ಬರಹವು ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಾರಿ ಹೇಳಲು ಕಲಿಸುತ್ತದೆ. ಹಾಗಾಗಿ ಮೂರಕ್ಕೇ ನಿಂತರೂ ಕೊರತೆಯೇನಿಲ್ಲ.

ಪ್ರಶ್ನೆ: ಆಫೀಸಿನಲ್ಲಿ ನಾನೊಬ್ಬನೇ ಕ್ರೈಸ್ತ. ಬಾಯಿಬಿಟ್ಟು ಸ್ತೋತ್ರ ಹೇಳದಿದ್ದರೆ ಕರ್ತನ ವಿಷಯದಲ್ಲಿ ನಾಚಿಕೊಂಡಂತೆ ಆಗುತ್ತದೆಯೇ? (ಓದುಗರು, ಹುಬ್ಬಳ್ಳಿ)

ಉತ್ತರ: ಇಲ್ಲ. ಸಮುವೇಲನ ತಾಯಿ ಹನ್ನಳು ಪ್ರಾರ್ಥಿಸುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ಶಬ್ದ ಕೇಳಿಸುತ್ತಿರಲಿಲ್ಲ (1 ಸಮುವೇಲ 1:13). ಅರಮನೆಯ ಸೇವೆಯಲ್ಲಿದ್ದ ನೆಹೆಮೀಯನಂತೂ ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಪ್ರಾರ್ಥಿಸಿಬಿಟ್ಟ (ನೆಹೆಮೀಯ 2:4). ಅರಸನಿಗೆ ಅದು ಗೊತ್ತೇ ಆಗಿರಲಿಕ್ಕಿಲ್ಲ. ಜನ ನೋಡಲಿ ಎಂದು ಪ್ರಾರ್ಥಿಸುವುದನ್ನು ಕರ್ತನೇ ಬೇಡವೆಂದಿದ್ದಾನೆ. ಕಂಪ್ಯೂಟರ್ ಆನ್ ಮಾಡಿ ಅದು ತೆರೆದುಕೊಳ್ಳುವವರೆಗಿನ ಅರ್ಧ ನಿಮಿಷ ನಿಮಗೆ ಒಳ್ಳೆಯ ಗೂಟ.

ಪ್ರಶ್ನೆ: ‘ಸ್ತೋತ್ರ, ಸ್ತೋತ್ರ’ ಎಂದು ದಿನಕ್ಕೆ ನೂರು ಸಲ ಹೇಳುತ್ತೇನೆ. ಆದರೆ ಈಗ ಅದು ಬರೀ ಬಾಯಿಚಾಳಿಯಾಗಿದೆ. ಮತ್ತಾಯ 6:7ರಲ್ಲಿ ಕರ್ತನು ಬೇಡವೆಂದ ವ್ಯರ್ಥ ಮಾತು ಇದೇ ಅಲ್ಲವೇ? (ಓದುಗರು, ಕೋಲಾರ)

ಉತ್ತರ: ಹೇಳಿದ್ದನ್ನೇ ಹೇಳುವುದು ತಪ್ಪಲ್ಲ. 136ನೇ ಕೀರ್ತನೆಯ 26 ವಚನಗಳಲ್ಲೂ ದೇವರ ಕೃಪೆ ಶಾಶ್ವತ ಎಂಬ ಒಂದೇ ಮಾತು ಮರಳಿ ಮರಳಿ ಬರುತ್ತದೆ. ಗೆತ್ಸೆಮನೆಯಲ್ಲಿ ಯೇಸು ಮೂರನೇ ಸಾರಿಯೂ ಅದೇ ಮಾತುಗಳಿಂದ ಪ್ರಾರ್ಥಿಸಿದನೆಂದು ಮತ್ತಾಯನೇ ಬರೆದಿದ್ದಾನೆ (26:44). ಕರ್ತನು ಬೇಡವೆಂದದ್ದು ಹೆಚ್ಚು ಮಾತಾಡಿದರೆ ದೇವರು ಕೇಳಲೇಬೇಕು ಎಂಬ ನಂಬಿಕೆಯನ್ನು.

ಆದರೂ ನಿಮ್ಮ ಸಂಕಟ ನಿಜವಾದದ್ದು. ಅದರ ಮೂಲ, ನಮ್ಮ ಅಭಿಪ್ರಾಯದಲ್ಲಿ, ನಿಮ್ಮ ಸ್ತೋತ್ರದಲ್ಲಿ ‘ಯಾಕಂದರೆ’ ಇಲ್ಲದಿರುವುದು. ಇಡೀ ಕೀರ್ತನೆಗಳಲ್ಲೇ ಚಿಕ್ಕದಾದ 117ನ್ನು ತೆರೆದು ನೋಡಿ. ಇರುವುದು ಎರಡೇ ವಚನ. ಮೊದಲನೆಯದು ಎಲ್ಲಾ ಜನಾಂಗಗಳನ್ನು ಸ್ತುತಿಗೆ ಕರೆಯುತ್ತದೆ, ಎರಡನೆಯದು ಅದಕ್ಕೆ ಕಾರಣ ಕೊಡುತ್ತದೆ: ದೇವರ ಕೃಪೆ ದೊಡ್ಡದು, ಆತನ ಸತ್ಯತೆ ನಿರಂತರ. ಕಾರಣವಿಲ್ಲದ ಸ್ತೋತ್ರ ಬೇಗ ಸವೆಯುತ್ತದೆ.

ಹಾಗಾಗಿ ನೂರನ್ನು ಹತ್ತಕ್ಕೆ ಇಳಿಸಿ, ಪ್ರತಿಯೊಂದಕ್ಕೂ ಮೂರು ಭಾಗ ಕೊಡಿ. ಮೊದಲು ಕರೆಯುವ ಹೆಸರು: ತಂದೆ, ಕರ್ತ, ಕುರುಬ, ಬಂಡೆ. ಆಮೇಲೆ ಆತನ ಒಂದು ಗುಣ. ಕೊನೆಗೆ ಆ ಗುಣವನ್ನು ತೋರಿಸಿಕೊಟ್ಟ, ಇವತ್ತು ಕಣ್ಣಿಗೆ ಬಿದ್ದ ಒಂದು ಸಂಗತಿ. “ತಂದೆಯೇ, ನೀನು ಸಾಕುವವನು. ಬಾಡಿದ ರಾಗಿ ಪೈರು ರಾತ್ರಿಯ ಮಳೆಗೆ ತಲೆಯೆತ್ತಿದೆ. ನಿನಗೆ ಸ್ತೋತ್ರ.” ಮೂರನೇ ಭಾಗ ಆದಷ್ಟು ನಿರ್ದಿಷ್ಟವಾಗಿರಲಿ. ‘ನಿನ್ನ ಎಲ್ಲಾ ಉಪಕಾರಗಳಿಗಾಗಿ’ ಎಂದು ಒಟ್ಟಾರೆ ಹೇಳಿದಾಗ ಒಂದು ಉಪಕಾರವೂ ಕಣ್ಣ ಮುಂದೆ ಬರುವುದಿಲ್ಲ. 103ನೇ ಕೀರ್ತನೆ ಯಾವ ಉಪಕಾರವನ್ನೂ ಮರೆಯಬೇಡ ಎಂದು ಮನಸ್ಸಿಗೆ ಹೇಳಿ ಅಲ್ಲಿಗೇ ನಿಲ್ಲಿಸದೆ ಮೂರರಿಂದ ಐದನೇ ವಚನದವರೆಗೆ ಅವನ್ನು ಒಂದೊಂದಾಗಿ ಎಣಿಸುತ್ತದೆ: ಕ್ಷಮಿಸುವುದು, ವಾಸಿಮಾಡುವುದು, ನಾಶದಿಂದ ಬಿಡಿಸುವುದು, ಕೃಪೆಯನ್ನು ಕಿರೀಟವಾಗಿ ತೊಡಿಸುವುದು, ಒಳ್ಳೆಯದರಿಂದ ತೃಪ್ತಿಪಡಿಸುವುದು.

ಉಪಕಾರ ಹೇಳುವುದಕ್ಕೂ ಸ್ತುತಿಸುವುದಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲಿ ಹೇಳಬೇಕು. ಉಪಕಾರದ ಮಾತು ಸಿಕ್ಕಿದ್ದನ್ನು ನೋಡುತ್ತದೆ, ಸ್ತುತಿ ಕೊಟ್ಟವನನ್ನು ನೋಡುತ್ತದೆ. ಸಿಕ್ಕಿದ್ದಕ್ಕೆ ಮಾತ್ರ ಸ್ತೋತ್ರ ಹೇಳುವ ಅಭ್ಯಾಸವಾದರೆ ಏನೂ ಸಿಗದ ದಿನ ನಾಲಿಗೆ ಒಣಗುತ್ತದೆ. ಅದಕ್ಕೇ ಆ ನಡುವಿನ ಭಾಗ, ದೇವರ ಗುಣ, ತಪ್ಪಬಾರದು. ಗುಣಗಳು ತೋಚದಿದ್ದರೆ ವಾರಕ್ಕೆ ಏಳು ಕೀರ್ತನೆ ಹಂಚಿಕೊಳ್ಳಿ. ಭಾನುವಾರ ಪುನರುತ್ಥಾನದ ದಿನ, 118. ಸೋಮವಾರ ಸೃಷ್ಟಿಗೆ 104. ಮಂಗಳವಾರ ಕ್ಷಮೆಗೆ 103. ಬುಧವಾರ ಕುರುಬನ 23. ಗುರುವಾರ ಹಸಿದವರ, ಸೆರೆಯವರ, ವಿಧವೆಯರ ಪರ ನಿಲ್ಲುವ ದೇವರನ್ನು ಹಾಡುವ 146. ಶುಕ್ರವಾರ ಶಿಲುಬೆಯ ಮೇಲೆ ಕರ್ತನ ಬಾಯಲ್ಲಿ ಬಂದ 22. ಶನಿವಾರ, ಸಬ್ಬತ್ ದಿನದ ಹಾಡೆಂದೇ ತಲೆಬರಹವಿರುವ 92. ಬೆಳಗ್ಗೆ ಒಂದು ಸಲ ಓದಿ, ಅದರಿಂದ ಒಂದೇ ಒಂದು ಪದ ಹೊತ್ತುಕೊಂಡು ಹೊರಡಿ. 104 ಉದ್ದವಾಯಿತು ಅನ್ನಿಸಿದರೆ ಹತ್ತು ವಚನ ಓದಿದರೂ ನಡೆಯುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟುಕೊಂಡರೆ ಹೇಗೆ? (ಯುವ ಓದುಗರು, ಶಿವಮೊಗ್ಗ)

ಉತ್ತರ: ಗಂಟೆಗೊಂದು ಬೇಡ. ಒಂದು ವಾರದೊಳಗೆ ನೋಡದೆಯೇ ಆರಿಸಲು ಬೆರಳು ಕಲಿತುಬಿಡುತ್ತದೆ. ಅಲಾರಂಗೆಂದು ಫೋನ್ ಕೈಗೆತ್ತಿಕೊಂಡವರು ಮೆಸೇಜ್ ನೋಡಿ ಕೆಳಗಿಡುವುದೂ ಉಂಟು. ಮಧ್ಯಾಹ್ನ ಯಾವ ಗೂಟವೂ ಸಿಗದವರು ಹನ್ನೆರಡಕ್ಕೆ ಒಂದೇ ಒಂದು ಇಟ್ಟುಕೊಳ್ಳಲಿ.

ಪ್ರಶ್ನೆ: ನನಗೆ ಶ್ರುತಿ ಇಲ್ಲ, ಹಾಡಲು ಬರುವುದಿಲ್ಲ. ಹಾಡದೆ ಸ್ತುತಿ ಪೂರ್ಣವಾಗುತ್ತದೆಯೇ? (ಓದುಗರು, ಗದಗ)

ಉತ್ತರ: ಆಗುತ್ತದೆ. ಹೃದಯದಲ್ಲಿ ಹಾಡಿರಿ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದಿದ್ದಾನೆ (3:16). ಆದರೆ ಹಾಡಿನ ಒಂದು ಪ್ರಯೋಜನವನ್ನು ಬಿಟ್ಟುಕೊಡಬೇಡಿ. ರಾಗ ಮಾತನ್ನು ನೆನಪಿನಲ್ಲಿ ಹಿಡಿದಿಡುತ್ತದೆ. ಭಾನುವಾರ ಸಭೆಯಲ್ಲಿ ಹಾಡಿದ ಹಾಡುಗಳಲ್ಲಿ ಒಂದರ ಪಲ್ಲವಿಯನ್ನು ಮಾತ್ರ ವಾರವಿಡೀ ಗುನುಗಿ. ಚರಣಗಳು ತಾವಾಗಿ ಬರುತ್ತವೆ. ಪರದೇಶದ ರಾಗ ನಾಲಿಗೆಗೆ ಹೊರಳದಿದ್ದರೆ ನಮ್ಮ ಭಜನೆಯ ಧಾಟಿ ಹಿಡಿಯಿರಿ, ಅದೇನೂ ಕಡಿಮೆಯದಲ್ಲ. ನಿಘಂಟಿನ ಕಿಟ್ಟೆಲ್ ಅವರೇ 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ನಮ್ಮ ನಾಡಿನ ಧಾಟಿಯಲ್ಲಿ ಕಟ್ಟಿಕೊಟ್ಟರು.

ಪ್ರಶ್ನೆ: ನಾನು ಸಿ.ಎಸ್.ಐ. (ಪ್ರೊಟೆಸ್ಟೆಂಟ್) ಸಭೆಯಲ್ಲಿ ಬೆಳೆದವಳು. ಗಂಡನ ಮನೆಯವರು ಕಥೋಲಿಕರು. ಅತ್ತೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಗಂಟೆಯ ಹೊತ್ತಿಗೆ ಪ್ರಾರ್ಥನೆ ಹೇಳುತ್ತಾರೆ, ರಾತ್ರಿ ಜಪಸರ. ಬರೆದಿಟ್ಟ ಪ್ರಾರ್ಥನೆಯಲ್ಲಿ ನನ್ನ ಮನಸ್ಸು ನಿಲ್ಲುವುದಿಲ್ಲ. (ಒಬ್ಬ ಸೊಸೆ, ಮಂಗಳೂರು)

ಉತ್ತರ: ಅಮ್ಮಾ, ನಿಮ್ಮ ಅತ್ತೆಯವರ ಬಳಿ ನಾವು ಮೊದಲ ಉತ್ತರದಲ್ಲಿ ಹೇಳಿದ ಗೂಟಗಳು ಆಗಲೇ ಇವೆ. ಆರು, ಹನ್ನೆರಡು, ಮತ್ತೆ ಆರು. ಅವರೊಂದಿಗೆ ನಿಲ್ಲುವುದು ನಿಮಗೆ ಸುಲಭದ ದಾರಿ.

ಜಪಸರದ ಐದು ಹತ್ತುಗಳಲ್ಲಿ (ಹತ್ತು ಮಣಿಗಳ ಗುಂಪುಗಳಲ್ಲಿ) ಪ್ರತಿ ಹತ್ತಕ್ಕೂ ಕರ್ತನು ಕಲಿಸಿದ ಪ್ರಾರ್ಥನೆ ಮುಂದಿರುತ್ತದೆ, ಪಿತನಿಗೂ ಸುತನಿಗೂ ಪವಿತ್ರಾತ್ಮನಿಗೂ ಮಹಿಮೆ ಸಲ್ಲಿಸುವ ಸ್ತುತಿ ಕೊನೆಗಿರುತ್ತದೆ. ಇವೆರಡೂ ನಿಮ್ಮ ಸಭೆಯವೇ. ಅಲ್ಲಿ ದನಿಗೂಡಿಸಿ. ನಿಮ್ಮ ಮನಸ್ಸಾಕ್ಷಿ ಒಪ್ಪದ ಭಾಗ ಬಂದಾಗ ಸುಮ್ಮನೆ ತಲೆಬಾಗಿ ನಿಂತರೆ ಯಾರಿಗೂ ನೋವಾಗುವುದಿಲ್ಲ. ಇದನ್ನು ಅತ್ತೆಯವರಿಗೆ ಒಮ್ಮೆ ನೇರವಾಗಿ, ಗೌರವದಿಂದ ತಿಳಿಸಿಬಿಡಿ. ಹೇಳದೆ ಇದ್ದರೆ ನಿಮ್ಮ ಮೌನವನ್ನು ಅವರು ಬೇರೆ ರೀತಿ ಅರ್ಥಮಾಡಿಕೊಂಡಾರು.

ಇಬ್ಬರೂ ಸೇರಿ ಹೇಳಬಹುದಾದ ಮೂರು ಸ್ತುತಿಗೀತೆಗಳು ಲೂಕನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳಲ್ಲೇ ಇವೆ. ಪಾಶ್ಚಾತ್ಯ ಸಭೆಯ ದೈನಂದಿನ ಪ್ರಾರ್ಥನೆಯಲ್ಲಿ ಬೆಳಗ್ಗೆ ಜಕರೀಯನ ಹಾಡು (1:68–79), ಸಂಜೆ ಮರಿಯಳ ಹಾಡು (1:46–55), ಮಲಗುವ ಮುಂಚೆ ಸಿಮೆಯೋನನ ಹಾಡು (2:29–32) ಬರುತ್ತವೆ. ಆಂಗ್ಲಿಕನ್ ಸಭೆಯೂ ಇವನ್ನು ಉಳಿಸಿಕೊಂಡಿದೆ. ಸಿಮೆಯೋನನದು ನಾಲ್ಕೇ ವಚನ, ಅದರಿಂದ ಶುರುಮಾಡಿ. ನಿಮ್ಮಿಬ್ಬರ ಬೈಬಲ್‌ಗಳಲ್ಲಿ ಪದಗಳು ಬೇರೆ ಬೇರೆ ಇದ್ದರೆ ಒಂದನ್ನೇ ಇಟ್ಟುಕೊಂಡು ಓದಿ, ಇಲ್ಲವಾದರೆ ಪ್ರತಿ ಸಾಲಿಗೂ ಒಬ್ಬರು ತಡವರಿಸುತ್ತೀರಿ. ಮನಸ್ಸು ನಿಲ್ಲದಿದ್ದರೆ ವೇಗ ತಗ್ಗಿಸಿ, ಸಾಲಿನ ನಡುವೆ ಒಂದು ಉಸಿರು ಬಿಡಿ. ಬರೆದಿಟ್ಟ ಪ್ರಾರ್ಥನೆ ಒಣಗಿದಂತೆ ಅನ್ನಿಸುವುದಕ್ಕೆ ಹೆಚ್ಚಿನ ಸಲ ಅವಸರವೇ ಕಾರಣ.

ಪ್ರಶ್ನೆ: ಕುಟುಂಬ ಪ್ರಾರ್ಥನೆಗೆ ಮಕ್ಕಳು ಕೂರುವುದೇ ಇಲ್ಲ. ಆರು ವರ್ಷದವನು, ಹತ್ತು ವರ್ಷದವಳು ಇದ್ದಾರೆ. (ಒಬ್ಬ ತಂದೆ, ಚಾಮರಾಜನಗರ)

ಉತ್ತರ: ಹತ್ತು ನಿಮಿಷ ಮೀರಬಾರದು. ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಊಟವಾದ ಮೇಲೆ ಚಿಕ್ಕವನಿಗೆ ನಿದ್ದೆ, ನಿಮಗೆ ದಣಿವು. 136ನೇ ಕೀರ್ತನೆಯನ್ನು ನೀವು ಅರ್ಧ ಸಾಲು ಹೇಳಿ, ಮರಳಿ ಬರುವ ಅರ್ಧವನ್ನು ಮಕ್ಕಳು ಕೂಗಲಿ. ಓದಲು ಬಾರದವನೂ ಎರಡನೇ ಸಂಜೆಗೆ ಕಲಿತಿರುತ್ತಾನೆ. 26 ವಚನ ಹೆಚ್ಚಾದರೆ ಒಂಬತ್ತು ಸಾಕು, ಅಷ್ಟರಲ್ಲಿ ಸೂರ್ಯ, ಚಂದ್ರ, ನಕ್ಷತ್ರ ಎಲ್ಲ ಬಂದಿರುತ್ತವೆ. ಆಮೇಲೆ ಅದೇ ಧಾಟಿಯಲ್ಲಿ ಮಕ್ಕಳು ತಮ್ಮ ಸಾಲು ಸೇರಿಸಲಿ: “ಇವತ್ತು ಶಾಲೆಗೆ ಹೋಗುವಾಗ ನವಿಲು ತೋರಿಸಿದವನಿಗೆ ಸ್ತೋತ್ರ.” ಅವರ ಸಾಲನ್ನು ತಿದ್ದಬೇಡಿ.

ಹಿರಿಯರು ಮಾಡುವ ಒಂದು ತಪ್ಪನ್ನು ಖಂಡಿತವಾಗಿ ಹೇಳಬೇಕು. ಪ್ರಾರ್ಥನೆಯ ನೆಪದಲ್ಲಿ ಮಗುವಿಗೆ ಬುದ್ಧಿ ಹೇಳುವುದು: “ಕರ್ತನೇ, ಇವನು ಸುಳ್ಳು ಹೇಳುವುದನ್ನು ಬಿಡುವಂತೆ ಮಾಡು.” ಮಗು ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿರುತ್ತದೆ. ಅದಕ್ಕೆ ಪ್ರಾರ್ಥನೆ ಎಂದರೆ ತನ್ನ ಮೇಲೆ ದೂರು ಕೊಡುವ ಹೊತ್ತು ಎಂದಾಗಿಬಿಡುತ್ತದೆ. ಬುದ್ಧಿಮಾತಿಗೆ ಬೇರೆ ಸಮಯ ಇಟ್ಟುಕೊಳ್ಳಿ.

ಪ್ರಶ್ನೆ: ಮನೆಯವರು ತೀರಿಕೊಂಡು ಐದು ತಿಂಗಳಾಯಿತು. ಸಭೆಯವರು ಬಂದು ‘ಎಲ್ಲಾದಕ್ಕೂ ಸ್ತೋತ್ರ ಹೇಳಮ್ಮ’ ಅನ್ನುತ್ತಾರೆ. ಬಾಯಿ ಬರುವುದಿಲ್ಲ. ನನ್ನ ವಿಶ್ವಾಸವೇ ಹೋಯಿತೇ? (ಒಬ್ಬ ತಾಯಿ, ಹಾಸನ)

ಉತ್ತರ: ಇಲ್ಲಮ್ಮ, ಹೋಗಿಲ್ಲ. 1 ಥೆಸಲೋನಿಕ 5:18ರಲ್ಲಿರುವುದು ‘ಎಲ್ಲಾದರಲ್ಲಿಯೂ’ ಎಂಬ ಮಾತು. ಸಾವಿನ ಮನೆಯಲ್ಲೂ ದೇವರ ಕಡೆಗೆ ತಿರುಗುವುದು ಒಂದು, ಸಾವಿಗಾಗಿಯೇ ಸ್ತೋತ್ರ ಹೇಳುವುದು ಇನ್ನೊಂದು. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾ ಕಾರ್ಯಗಳಿಗಾಗಿ ಸ್ತೋತ್ರ ಸಲ್ಲಿಸಿ ಎಂದೂ ಇದೆ (5:20), ನಿಜ. ಆದರೆ ಅದನ್ನು ಬರೆದ ಪೌಲನೇ ಅಳುವವರ ಸಂಗಡ ಅಳಿರಿ ಎಂದವನು (ರೋಮ 12:15). ಲಾಜರನನ್ನು ಎಬ್ಬಿಸಲಿದ್ದ ಕರ್ತನೇ ಅವನ ಸಮಾಧಿಯ ಬಳಿ ಕಣ್ಣೀರು ಸುರಿಸಿದನು. ಆ ವಚನವನ್ನು ಹಸಿ ಗಾಯದ ಮೇಲೆ ಒತ್ತುವುದು ಸರಿಯಲ್ಲ. ನಿಮ್ಮನ್ನು ನೋಡಲು ಬರುವವರಿಗೂ ಇದನ್ನೇ ಹೇಳುತ್ತೇವೆ: ಅಡುಗೆ ಮಾಡಿಕೊಂಡು ಹೋಗಿ, ಪಕ್ಕದಲ್ಲಿ ಕೂರಿ, ವಚನ ಆಮೇಲೆ.

150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಳಲಿನವು. ಇಡೀ ಪುಸ್ತಕಕ್ಕೆ ಇಬ್ರಿಯದಲ್ಲಿರುವ ಹೆಸರಿನ ಅರ್ಥ ಮಾತ್ರ ಸ್ತುತಿಗಳು ಎಂದೇ. ಅಂದರೆ ದೇವರ ಮುಂದೆ ಇಟ್ಟ ಅಳಲನ್ನೂ ಸ್ತುತಿಯ ಪುಸ್ತಕದೊಳಗೇ ಸೇರಿಸಿಕೊಂಡಿದ್ದಾರೆ. ನಿಮಗೆ 13ನೇ ಕೀರ್ತನೆ ಸಾಕು, ಆರೇ ವಚನ. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಾರಿ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ, ಹಾಡು. ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ. ಐದನೇ ವಚನ ಗಂಟಲಿಗೆ ಬಾರದ ದಿನ ನಾಲ್ಕಕ್ಕೇ ನಿಲ್ಲಿಸಿ. 88ನೇ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಬೈಬಲ್‌ನಿಂದ ತೆಗೆದುಹಾಕಲಿಲ್ಲ.

ಸಭೆಗೆ ಹೋಗುವುದನ್ನು ಬಿಡಬೇಡಿ, ಆದರೆ ಹಾಡಲೇಬೇಕೆಂದೂ ಇಲ್ಲ. ಹಲ್ಲೆಲೂಯಾ ಎಂಬುದು ಇಬ್ರಿಯದಲ್ಲಿ ಹಲವರನ್ನು ಕರೆದು ‘ನೀವು ಸ್ತುತಿಸಿರಿ’ ಎನ್ನುವ ಮಾತು. ಒಬ್ಬರ ಬಾಯಿ ಕಟ್ಟಿದಾಗ ಉಳಿದವರು ಹೇಳಲಿ ಎಂಬ ಏರ್ಪಾಡು ಆ ಪದದೊಳಗೇ ಇದೆ. ನೀವು ಸುಮ್ಮನೆ ಕೂರಿ, ಅವರು ಹಾಡಲಿ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ನಾನೂ ಹೋಗಿಬಿಡಬೇಕು ಎಂಬ ಯೋಚನೆ ಬರುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅದು ಅವಿಶ್ವಾಸವಲ್ಲ. ಸುವಾರ್ತೆ ಬರೆದ ಲೂಕನೂ ವೈದ್ಯನೇ.

ಪ್ರಶ್ನೆ: ಹತ್ತು ದಿನ ಚೆನ್ನಾಗಿ ನಡೆಯುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ. ಪ್ರತಿ ಸಲ ಮೊದಲಿನಿಂದ ಶುರುಮಾಡಿ ಸಾಕಾಗಿದೆ. (ಓದುಗರು, ಬಳ್ಳಾರಿ)

ಉತ್ತರ: ಹತ್ತು ದಿನಕ್ಕೆ ಯಾವ ಅಭ್ಯಾಸವೂ ಊರುವುದಿಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 96 ಜನರಿಗೆ ದಿನಕ್ಕೊಮ್ಮೆ ಮಾಡುವ ಒಂದೊಂದು ಹೊಸ ಸಣ್ಣ ಅಭ್ಯಾಸ ಹಿಡಿಸಿ 12 ವಾರ ಗಮನಿಸಿದರು. ಅದು ತಾನಾಗಿ ಬರಲು ಹಿಡಿದದ್ದು ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನವಾದರೂ ಬೇಕಾದೀತೆಂದು ಲೆಕ್ಕ ತೋರಿಸಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಆಗಲಿಲ್ಲ. ಅಂದರೆ ತಪ್ಪಿದ ಮಾತ್ರಕ್ಕೆ ನೀವು ಮೊದಲಿನಿಂದ ಶುರುಮಾಡುತ್ತಿಲ್ಲ, ಹನ್ನೊಂದನೇ ದಿನ ಬಿಟ್ಟದ್ದನ್ನು ಹನ್ನೆರಡನೇ ದಿನ ಮುಂದುವರಿಸುತ್ತೀರಿ.

ತಪ್ಪಿದ್ದನ್ನು ರಾತ್ರಿ ಒಟ್ಟಿಗೆ ಹೇಳಿ ತೀರಿಸಲು ಹೋಗಬೇಡಿ, ಸ್ತೋತ್ರವೇನು ಸಾಲದ ಕಂತಲ್ಲ. ನೆನಪಾದಾಗ ಮುಂದಿನ ಗೂಟವನ್ನು ಹಿಡಿಯಿರಿ, ಅಷ್ಟೇ. ಒಂದು ಚೀಟಿಯಲ್ಲಿ ನಿಮ್ಮ ಮೂರು ಕೆಲಸಗಳನ್ನು ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ, ರಾತ್ರಿ ಆ ದಿನದ ಚೌಕದಲ್ಲಿ ಹೇಳಿದ್ದಕ್ಕೊಂದು ಚುಕ್ಕೆ ಇಡಿ. ಒಂದೇ ಗೂಟ ಮೂರು ದಿನ ಸಾಲಾಗಿ ತಪ್ಪಿದರೆ ದೋಷ ನಿಮ್ಮ ಭಕ್ತಿಯದಲ್ಲ, ಗೂಟದ್ದು. ಬಹುಶಃ ಆ ಹೊತ್ತಿಗೆ ಯಾರೋ ಕರೆಯುತ್ತಿರುತ್ತಾರೆ, ಇಲ್ಲವೇ ಕೈಯಲ್ಲಿ ಫೋನ್ ಇರುತ್ತದೆ. ಅದನ್ನು ಕಿತ್ತು ಹದಿನೈದು ನಿಮಿಷ ಹಿಂದೆಯೋ ಮುಂದೆಯೋ ಬರುವ ಇನ್ನೊಂದು ಕೆಲಸಕ್ಕೆ ನೆಡಿ: ಹಲ್ಲುಜ್ಜಲು ಬ್ರಷ್ ತೆಗೆಯುವಾಗ, ಚಪ್ಪಲಿ ಮೆಟ್ಟುವಾಗ, ಬಿಂದಿಗೆ ನಲ್ಲಿಯ ಕೆಳಗಿಡುವಾಗ.